ಮಿಡಿಗೇಶಿಯ ಪೀಟ್ ಕಾವಲಿನ ಭೀಮಕ್ಕ

ಭೀಮಕ್ಕನಿಗೆ ಸರ್ಕಾರಿ ಕೆಲಸ ಸಿಕ್ಕಿದ್ದು ಒಂದು ನಮೂನೆಯ ದೆಸೆಯಿಂದ. ಆ ನಮೂನೆಯನ್ನು ಲಕೋಟೆಯಿಂದ ಹೊರಗೆ ತೆಗೆದವನು ನಾನೇ. ಆದ್ದರಿಂದ ಅಲ್ಲಿಂದಲೇ ಹೇಳುತ್ತೇನೆ.

ಎಪ್ಪತ್ತಾರನೇ ಇಸವಿಯಲ್ಲಿ ಮಧುಗಿರಿಯಲ್ಲಿ ಮಣ್ಣು ಸಮೀಕ್ಷೆಯದೊಂದು ಪುಟ್ಟ ಉಪಕಚೇರಿ ಇತ್ತು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಮಣ್ಣೆಲ್ಲ ನಮ್ಮ ಸುಪರ್ದಿಗೆ ಸೇರಿದ್ದು. ಅಷ್ಟೊಂದು ಮಣ್ಣಿಗೆ ನಾವು ಮೂರೇ ಜನ: ಅಧಿಕಾರಿ ಚಂದ್ರಶೇಖರಯ್ಯನವರು, ಜೀಪಿನ ಡ್ರೈವರ್ ಕೆಂಪಯ್ಯ, ಟೈಪಿಸ್ಟ್ ಜಯರಾಮಯ್ಯನಾದ ನಾನು. ದಸರಾ ರಜೆ ಮುಗಿಸಿ ಬಂದು ಬಾಗಿಲು ತೆಗೆದ ದಿನ ಬಂದ ಆ ನಮೂನೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ‘ನಿಮ್ಮ ವ್ಯಾಪ್ತಿಯಲ್ಲಿರುವ ಪೀಟ್ ಭೂಮಿಯ ವಿಸ್ತೀರ್ಣ, ಹೆಕ್ಟೇರುಗಳಲ್ಲಿ.’

“ಪೀಟ್ ಅಂದ್ರೇನ್ರೀ ಜಯರಾಮಯ್ಯ?” ಎಂದರು ಚಂದ್ರಶೇಖರಯ್ಯನವರು.

“ಗೊತ್ತಿಲ್ಲ ಸಾರ್.”

“ನನಗೂ ಗೊತ್ತಿಲ್ಲ. ನಮ್ಮಿಬ್ಬರಿಗೂ ಗೊತ್ತಿಲ್ಲ ಅಂದ್ಮೇಲೆ ಇಲ್ಲಿ ಇಲ್ಲ ಅಂತಾಯ್ತು. ಹಾಗೇ ಬರೀರಿ.”

ಹಾಗೇ ಬರೆದು ಕಳಿಸಿದೆ. ಮೂರು ವಾರಕ್ಕೆ ನಮೂನೆ ವಾಪಸು ಬಂತು. ಅದರ ಮೇಲೆ ಕೆಂಪು ಶಾಯಿಯಲ್ಲಿ, ‘ಈ ಕಾಲಂನಲ್ಲಿ “ಇಲ್ಲ” ಎಂದು ಬರೆಯಲು ಅವಕಾಶವಿಲ್ಲ. ಸ್ಥಳ ಪರಿಶೀಲಿಸಿ ವಿಸ್ತೀರ್ಣ ನಮೂದಿಸುವುದು’ ಎಂದಿತ್ತು. ಏನನ್ನು ಹುಡುಕಬೇಕೆಂದು ತಿಳಿಯಲೆಂದು ಜೊತೆಗೊಂದು ಕಿರುಹೊತ್ತಗೆ ಇಟ್ಟಿದ್ದರು. ಅದರಲ್ಲಿ ಯಾವುದೋ ಚಳಿ ದೇಶದ ಚಿತ್ರಗಳು. ಉದ್ದಕ್ಕೂ ಒದ್ದೆ ಬಯಲು, ಅದರ ನಡುವೆ ಟೋಪಿ ಹಾಕಿಕೊಂಡ ಒಬ್ಬ ಮನುಷ್ಯ ಕಪ್ಪು ಇಟ್ಟಿಗೆಯಂಥ ಮಣ್ಣನ್ನು ಕತ್ತರಿಸುತ್ತಿದ್ದ.

ಚಂದ್ರಶೇಖರಯ್ಯನವರು ಯಾವುದನ್ನೇ ಆಗಲಿ ಅರ್ಧಕ್ಕೆ ಓದುವವರಲ್ಲ. ಅಂದು ಮಧ್ಯಾಹ್ನ ಊಟಕ್ಕೂ ಹೋಗದೆ ಹೊತ್ತಗೆಯನ್ನು ಮುಗಿಸಿ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದರು. ನೀರು ಸದಾ ನಿಂತಿರುವ ಕಡೆ ಪಾಚಿ, ಹುಲ್ಲು ಸತ್ತರೆ ಗಾಳಿಯಾಡದೆ ಪೂರ್ತಿ ಕೊಳೆಯುವುದಿಲ್ಲ. ಒಂದರ ಮೇಲೊಂದು ಕೂತು ಕೂತು ಕಪ್ಪು ಮಣ್ಣಾಗುತ್ತದೆ. ಅದೇ ಪೀಟು. ಒಂದು ಬೆರಳು ದಪ್ಪ ಬೆಳೆಯಲು ಇಪ್ಪತ್ತು ವರ್ಷ ಬೇಕು. ತನ್ನ ತೂಕದ ಹತ್ತಾರು ಪಟ್ಟು ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಒಣಗಿಸಿದರೆ ಸಾವಿರಾರು ವರ್ಷದ ಹುಲ್ಲಿನೊಳಗಿನ ಇಂಗಾಲವೆಲ್ಲ ಗಾಳಿಗೆ ಹೋಗುತ್ತದೆ.

“ಇಷ್ಟೆಲ್ಲ ಆಗಿರೋ ಮಣ್ಣನ್ನ ಅಗೆದು ಏನು ಮಾಡ್ತಾರೆ ಗೊತ್ತೇನ್ರೀ?” ಎಂದು ಕೊನೆಯ ಪುಟ ತೋರಿಸಿದರು. ಅಲ್ಲಿ ಒಂದು ಹೂವಿನ ಕುಂಡವಿತ್ತು. “ಚೀಲಕ್ಕೆ ತುಂಬಿ ಹೂವಿನ ಗಿಡಕ್ಕೆ ಮಾರ್ತಾರೆ. ಒಂದು ಕುಂಡಕ್ಕೆ ಒಂದು ಅಡಿ ಅಂದ್ರೂ ಮುನ್ನೂರು ವರ್ಷ! ಗಿಡ ಬದುಕೋದು ನಾಲ್ಕು ವರ್ಷ!” ಆ ಲೆಕ್ಕ ಅವರಿಗೆ ಕೊನೆವರೆಗೂ ಜೀರ್ಣವಾಗಲಿಲ್ಲ.

ಹುಡುಕಾಟ ಶುರುವಾಯಿತು. ಜೀಪಿನಲ್ಲಿ ನಾಲ್ಕೂ ತಾಲ್ಲೂಕು ಸುತ್ತಿದೆವು. ತೊಂದರೆ ಏನಾಯಿತೆಂದರೆ ‘ಪೀಟ್’ ಎಂದು ನಾವು ಕೇಳಿದರೆ ಜನಕ್ಕೆ ‘ಪೀಠ’ ಎಂದು ಕೇಳಿಸುತ್ತಿತ್ತು. ಕೊರಟಗೆರೆಯ ಕಡೆಯ ಒಂದು ಪುಟ್ಟ ಮಠದ ಸ್ವಾಮಿಗಳಾದ ಅಡವಯ್ಯನವರು ನಮ್ಮನ್ನು ಆದರದಿಂದ ಒಳಗೆ ಕರೆದು, ಹಾಲು ಕೊಟ್ಟು, ಒಂದು ಕಲ್ಲಿನ ಗದ್ದುಗೆ ತೋರಿಸಿದರು. ಚಂದ್ರಶೇಖರಯ್ಯನವರು ನಮಸ್ಕಾರ ಮಾಡಿದರು. ಅಡವಯ್ಯನವರು ಟೇಪು ಹಿಡಿದು ನಿಂತ ನನ್ನನ್ನು ನೋಡಿ ಗಾಬರಿಯಾಗಿ, “ಇದನ್ನೂ ಸರ್ಕಾರ ತಗೊಳ್ಳುತ್ತಾ?” ಎಂದು ಕೇಳಿದರು. ಶಿರಾದಲ್ಲಿ ಎರೆ ಮಣ್ಣು ತೋರಿಸಿದರು. ಪಾವಗಡದಲ್ಲಿ ಒಬ್ಬ ರೈತ ತಲೆ ಕೆರೆದುಕೊಂಡು, ಆ ಕಡೆಯ ತೆಲುಗು ಬೆರೆತ ಕನ್ನಡದಲ್ಲಿ, “ಅದೊಂದು ಲೇದು ಸಾರ್. ಕಲ್ಲು ಬೇಕಂದ್ರೆ ಎಷ್ಟಾದ್ರೂ ಬರ್ಕೊಳ್ಳಿ” ಎಂದ.

ಶಿವರಾತ್ರಿ ಕಳೆದ ವಾರ ಪಾವಗಡದಿಂದ ವಾಪಸು ಬರುವಾಗ ಮಿಡಿಗೇಶಿ ಬೆಟ್ಟದ ಹಿಂಭಾಗದಲ್ಲಿ ರೇಡಿಯೇಟರಿನ ನೀರು ಕುದಿದು ಜೀಪು ನಿಂತಿತು. ಅಲ್ಲಿ ಗೊಲ್ಲರ ಹಟ್ಟಿಯ ಹೆಂಗಸೊಬ್ಬಳು ಕುರಿ ಮೇಯಿಸುತ್ತಿದ್ದಳು. ನಲವತ್ತರ ಆಸುಪಾಸು, ಎತ್ತರದ ಆಳು, ಹೆಗಲ ಮೇಲೆ ಕಂಬಳಿ. ನೀರು ಎಲ್ಲಿ ಸಿಗುತ್ತದೆಂದು ಕೆಂಪಯ್ಯ ಕೇಳಿದ.

“ಜೀಪಿಗಾ, ನಿಮಗಾ?” ಎಂದಳು.

“ಜೀಪಿಗೆ.”

“ಹಂಗಾದ್ರೆ ಬನ್ನಿ. ನೀವು ಕುಡಿಯೋದಾದ್ರೆ ಕೆಂಪಗೈತೆ ಅಂತ ಮುಖ ಸಿಂಡ್ರಿಸ್ತೀರ.”

ಅವಳ ಹಿಂದೆ ಹೋದೆವು. ಎರಡು ದೊಡ್ಡ ಬಂಡೆಗಳ ನಡುವೆ ಬಿಸಿಲು ಬೀಳದ ಒಂದು ಕಣಿವೆ. ಸುತ್ತ ಎಲ್ಲವೂ ಒಣಗಿ ಬೂದಿಯ ಬಣ್ಣವಾಗಿದ್ದಾಗ ಅಲ್ಲಿ ಮಾತ್ರ ಜೊಂಡು ಹಸಿರಾಗಿತ್ತು. ಕೆಳತುದಿಯಲ್ಲಿ ಚಹಾದಂಥ ನೀರು ಸಣ್ಣಗೆ ಜಿನುಗಿ ಕಲ್ಲಿನ ತೊಟ್ಟಿಗೆ ಬೀಳುತ್ತಿತ್ತು. ಚಂದ್ರಶೇಖರಯ್ಯನವರು ಒಂದು ಹೆಜ್ಜೆ ಮುಂದಿಟ್ಟರು. ಬಲಗಾಲು ಮಂಡಿಯ ತನಕ ಇಳಿಯಿತು. ನಾನೂ ಕೆಂಪಯ್ಯನೂ ಕಂಕುಳಿಗೆ ಕೈಹಾಕಿ ಎಳೆದೆವು. ಕಾಲು ಬಂತು, ಬೂಟು ಬರಲಿಲ್ಲ. ಆದರೆ ಅವರ ಮುಖದಲ್ಲಿದ್ದ ಸಂತೋಷವನ್ನು ನಾನು ಅವರ ಮಗಳ ಮದುವೆಯಲ್ಲೂ ಕಂಡಿಲ್ಲ.

“ಪೀಟ್ ಕಣ್ರೀ! ಪೂರ್ತಿ ಪೀಟ್ ಅಲ್ಲದಿದ್ರೂ ಪೀಟ್‌ನ ತಮ್ಮ!” ಎಂದು ಕಾಲಿಗೆ ಮೆತ್ತಿದ ಕಪ್ಪು ಮಣ್ಣನ್ನು ಹಿಂಡಿದರು. ನೀರು ಸುರಿಯಿತು. ಮತ್ತೆ ಹಿಂಡಿದರು. ಮತ್ತೆ ಸುರಿಯಿತು.

“ಸ್ವಾಮೇರಿಗೆ ಏನಾರ ಮೈಯಾಗೆ ಹುಷಾರಿಲ್ವಾ?” ಎಂದು ಹೆಂಗಸು ನನ್ನನ್ನು ಮೆಲ್ಲಗೆ ಕೇಳಿದಳು. ಅವಳೇ ಭೀಮಕ್ಕ.

ಅಳೆದೆವು. ಉದ್ದ ಹನ್ನೊಂದು ಹೆಜ್ಜೆ, ಅಗಲ ಆರೇಳು ಹೆಜ್ಜೆ. ‘೦.೦೦೪ ಹೆಕ್ಟೇರು’ ಎಂದು ಬರೆದು ಕಳಿಸಿದೆವು. ಕಾಲಂ ತುಂಬಿತು, ಮೇಲಿನ ಕಚೇರಿಗೆ ತೃಪ್ತಿಯಾಯಿತು ಎಂದುಕೊಂಡೆವು. ಎರಡು ತಿಂಗಳಿಗೆ ಆದೇಶವೊಂದು ಬಂತು: ‘ಪೀಟ್ ಭೂಮಿಗಳು ಅಪರೂಪವಾದ್ದರಿಂದ ಪ್ರತಿ ಪೀಟ್ ಭೂಮಿಗೆ ಒಬ್ಬ ಕಾವಲುಗಾರನನ್ನು ನೇಮಿಸತಕ್ಕದ್ದು.’

ಚಂದ್ರಶೇಖರಯ್ಯನವರಿಗೆ ಬೇರೆ ಯಾರ ಹೆಸರೂ ತೋಚಲಿಲ್ಲ. ಹಟ್ಟಿಗೆ ಹೋಗಿ ಭೀಮಕ್ಕನನ್ನೇ ಕೇಳಿದರು. ಅವಳ ಗಂಡ ಮಾರಣ್ಣ ಗುಡಿಸಲ ಮುಂದೆ ಉಣ್ಣೆ ಬಿಡಿಸುತ್ತ ಕುಳಿತಿದ್ದ.

“ಕಾಯೋದಾ? ಅದೇನು ಓಡೋಗ್ತೈತಾ ಸ್ವಾಮಿ?” ಎಂದಳು ಭೀಮಕ್ಕ.

“ಓಡಿಹೋಗಲ್ಲಮ್ಮ. ಅಗೆದುಕೊಂಡು ಹೋಗ್ತಾರೆ.”

“ಆ ಕೊಚ್ಚೇನಾ?”

“ಅದು ಕೊಚ್ಚೆ ಅಲ್ಲ. ಈ ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆ ಮೇಲೆ ಜಾರಿ ಒಂದೇ ದಿನಕ್ಕೆ ಹೋಗಿಬಿಡುತ್ತೆ. ಆ ಕರಿ ಮಣ್ಣು ಅದನ್ನ ಹಿಡಿದಿಟ್ಕೊಂಡು ವರ್ಷವೆಲ್ಲ ಚೂರು ಚೂರೇ ಬಿಡುತ್ತೆ. ಅದಕ್ಕೇ ನಿಮ್ಮ ತೊಟ್ಟಿಗೆ ಬೇಸಿಗೇಲೂ ನೀರು.”

“ನಮ್ಮತ್ತೆ ಬೆಣ್ಣೆ ಗಡಿಗೆ ಇಟ್ಕಂಡು ಚೂರು ಚೂರೇ ಕೊಡ್ತಿದ್ದಂಗೆ ಅನ್ನಿ” ಎಂದಳು ಭೀಮಕ್ಕ. ಚಂದ್ರಶೇಖರಯ್ಯನವರ ಹೊತ್ತಗೆಯ ಮೂವತ್ತಾರು ಪುಟವೂ ಅವಳಷ್ಟು ಬೇಗ ಯಾರಿಗೂ ಅರ್ಥವಾಗಿರಲಿಲ್ಲ.

ಕಾವಲುಗಾರನಿಗೆ ಮಂಜೂರಾಗಿದ್ದ ಉಡುಪು ಮೇಲಿಂದಲೇ ಬಂತು: ಖಾಕಿ ಅಂಗಿ, ಖಾಕಿ ಪ್ಯಾಂಟು, ಟೋಪಿ, ಒಂದು ಸೀಟಿ, ಮಂಡಿಯುದ್ದದ ರಬ್ಬರ್ ಬೂಟು. ಪ್ಯಾಂಟನ್ನು ಮಾರಣ್ಣನಿಗೆ ಕೊಟ್ಟು ಭೀಮಕ್ಕ ಸೀರೆಯ ಮೇಲೆ ಅಂಗಿ ತೊಟ್ಟಳು. ಬೂಟನ್ನು ಮೊದಲ ಎರಡು ವರ್ಷ ಕಾಲಿಗೆ ಹಾಕಲಿಲ್ಲ. ಆಗತಾನೇ ಹುಟ್ಟಿದ ಕುರಿಮರಿಗಳನ್ನು ಒಂದೊಂದು ಬೂಟಿನೊಳಗೆ ಒಂದೊಂದರಂತೆ ಇಳಿಬಿಟ್ಟುಕೊಂಡು ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದಳು. ಮರಿಗಳು ತಲೆ ಹೊರಗೆ ಹಾಕಿಕೊಂಡು ಬೆಚ್ಚಗಿರುತ್ತಿದ್ದವು.

ಕೆಲಸವನ್ನು ಮಾತ್ರ ಅವಳು ತಮಾಷೆಯಾಗಿ ನೋಡಲಿಲ್ಲ. ಜೌಗಿನ ಸುತ್ತ ಜಾಲಿ ಮುಳ್ಳಿನ ಬೇಲಿ ಹಾಕಿದಳು. ಕುರಿಗಳು ತುಳಿಯದಂತೆ ತೊಟ್ಟಿಯನ್ನು ಇಪ್ಪತ್ತು ಮಾರು ಕೆಳಕ್ಕೆ ಇಳಿಸಿ, ಕಲ್ಲಿನ ಕಾಲುವೆ ಮಾಡಿಕೊಂಡಳು. ಬೇಲಿ ದಾಟಿ ಬಂದ ಮೊದಲ ಅಪರಾಧಿ ಮಾರಣ್ಣನೇ. ಅವನ ಟಗರು ಒಳಗೆ ನುಗ್ಗಿತ್ತು, ಅದರ ಹಿಂದೆ ಅವನು. ಭೀಮಕ್ಕ ಸೀಟಿ ಊದಿದಳು.

“ಲೇ, ನಾನು ಕಣೇ ನಿನ್ನ ಗಂಡ!” ಎಂದು ಮಾರಣ್ಣ ಕೂಗಿದ.

“ಗೊತ್ತಾಗೈತೆ. ಅದಕ್ಕೇ ಬರೀ ಸೀಟಿ ಊದಿವ್ನಿ. ಬೇರೇರಾಗಿದ್ರೆ ಕಲ್ಲು ಬೀಸ್ತಿದ್ದೆ” ಎಂದಳು.

ತಿಂಗಳಿಗೊಮ್ಮೆ ಬಸ್ಸಿನಲ್ಲಿ ಮಧುಗಿರಿಗೆ ಬಂದು ವರದಿ ಹೇಳಬೇಕು, ನಾನು ಟೈಪು ಮಾಡಬೇಕು. ಅದರಲ್ಲಿ ‘ಈ ತಿಂಗಳಲ್ಲಿ ಪೀಟಿನ ಬೆಳವಣಿಗೆ’ ಎಂಬ ಕಾಲಂ ಇತ್ತು.

“ಈ ತಿಂಗಳು ಎಷ್ಟು ಬೆಳೀತು ಭೀಮಕ್ಕ?” ಎಂದು ಕೇಳುತ್ತಿದ್ದೆ.

“ಎಲ್ಲಿ ಬೆಳೀತೈತೆ ಜಯರಾಮಣ್ಣ? ಹೋದ ತಿಂಗಳು ಎಷ್ಟಿತ್ತೋ ಅಷ್ಟೇ ಐತೆ. ನಾನೇ ಒಂಚೂರು ಕುಗ್ಗಿವ್ನಿ.”

ವರ್ಷಕ್ಕೆ ಒಂದು ರಾಗಿಕಾಳಿನಷ್ಟೂ ಬೆಳೆಯದ ಮಣ್ಣನ್ನು ತಿಂಗಳಿಗೆ ಹಂಚಿ ನಾನು ಏನೋ ಸೊನ್ನೆಗಳನ್ನು ಹೊಡೆಯುತ್ತಿದ್ದೆ. ಒಂದು ಸಲ ಸೊನ್ನೆಯೊಂದು ತಪ್ಪಿಹೋಗಿ, ಮಿಡಿಗೇಶಿಯ ಪೀಟು ಒಂದೇ ತಿಂಗಳಲ್ಲಿ ಹತ್ತು ತಿಂಗಳ ಬೆಳವಣಿಗೆ ಸಾಧಿಸಿತು. ಮೇಲಿನ ಕಚೇರಿಯಿಂದ ಅಭಿನಂದನಾ ಪತ್ರ ಬಂತು. ಭೀಮಕ್ಕ ಅದನ್ನು ಗುಡಿಸಲಿನ ಗೋಡೆಗೆ ಅಂಟಿಸಿದಳು. ಹಟ್ಟಿಯ ಜನ, ಬಸ್ಸಿನ ಜನ ಎಲ್ಲ ಅವಳನ್ನು ‘ಪೀಠಾಧಿಪತಿ’ ಎಂದೇ ಕರೆಯತೊಡಗಿದ್ದರು. ಕಂಡಕ್ಟರ್ ಮುಂದಿನ ಸೀಟು ಬಿಡಿಸಿ ಕೊಡುತ್ತಿದ್ದ.

ಏಳು ವರ್ಷ ಹೀಗೆ ನಡೆಯಿತು. ಏಳು ಬೇಸಿಗೆಯೂ ತೊಟ್ಟಿ ಒಣಗಲಿಲ್ಲ.

ಎಂಬತ್ತನಾಲ್ಕರಲ್ಲಿ ಚಂದ್ರಶೇಖರಯ್ಯನವರಿಗೆ ವರ್ಗವಾಗಿ ನಂದೀಶ್ವರಯ್ಯನವರು ಬಂದರು. ಕೆಟ್ಟವರಲ್ಲ. ಗುಲಾಬಿ ಎಂದರೆ ಪ್ರಾಣ ಬಿಡುತ್ತಿದ್ದರು, ಅಷ್ಟೆ. ಅದೇ ಕಿರುಹೊತ್ತಗೆಯನ್ನು ಇವರು ಕೊನೆಯ ಪುಟದಿಂದ ಓದಲು ತೊಡಗಿದರು. ಹೂವಿನ ಕುಂಡದ ಚಿತ್ರ ಕಂಡಮೇಲೆ ಹಿಂದಿನ ಪುಟಗಳಿಗೆ ಹೋಗಲೇ ಇಲ್ಲ. ದಸರೆಗೆ ಮಧುಗಿರಿಯಲ್ಲಿ ಹೂವಿನ ಪ್ರದರ್ಶನವಿತ್ತು. “ನಮ್ಮದೇ ಪೀಟ್ ಇಟ್ಕೊಂಡು ಬೇರೆಯವರ ಮುಂದೆ ಸೋಲೋದಾ?” ಎಂದು ಆಳುಗಳನ್ನು ಕರೆದುಕೊಂಡು, ಟ್ರ್ಯಾಕ್ಟರ್ ಹಿಡಿದು ಮಿಡಿಗೇಶಿಗೆ ಹೊರಟರು. ನಾನೂ ಹೋಗಬೇಕಾಯಿತು.

ಭೀಮಕ್ಕ ಬೇಲಿಯ ಬಾಗಿಲಲ್ಲಿ ನಿಂತಳು. ಅಂದು ಬೂಟನ್ನೂ ಹಾಕಿಕೊಂಡಿದ್ದಳು.

“ಸರ್ಕಾರದ ಆರ್ಡರ್ ಇದೆ ಕಣಮ್ಮ ನನ್ನ ಹತ್ರ” ಎಂದು ನಂದೀಶ್ವರಯ್ಯನವರು ತಾವೇ ತಮಗೆ ಬರೆದುಕೊಂಡಿದ್ದ ಕಾಗದ ತೋರಿಸಿದರು.

“ಕಾಯಿ ಅಂದಿದ್ದೂ ಸರ್ಕಾರವೇ, ಅಗೀತೀವಿ ಅಂತಿರೋದೂ ಸರ್ಕಾರವೇ. ನಾನು ಯಾವ ಸರ್ಕಾರದ ಮಾತು ಕೇಳ್ಲಿ ಸ್ವಾಮಿ?”

“ಇವತ್ತಿನ ಸರ್ಕಾರದ್ದು ಕೇಳು.”

ಅವಳು ನನ್ನ ಕಡೆ ನೋಡಿದಳು. ನಾನು ತಲೆ ತಗ್ಗಿಸಿದೆ. ಇವತ್ತಿಗೂ ಆ ತಗ್ಗಿಸಿದ ತಲೆ ನೆನಪಾದರೆ ನಾಚಿಕೆಯಾಗುತ್ತದೆ. ಕಾಗದದ ಮುಂದೆ ಅವಳು ದಾರಿ ಬಿಟ್ಟಳು. ಆದರೆ ಅಗೆಯುವವರನ್ನು ಕಂಡರೆ ಸೀಟಿ ಊದಬೇಕೆಂಬ ನಿಯಮವನ್ನು ಯಾರೂ ರದ್ದು ಮಾಡಿರಲಿಲ್ಲ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಒಂದೇ ಸಮನೆ ಊದಿದಳು. ಆಳುಗಳು ಕಿವಿಗೆ ಹತ್ತಿ ತುರುಕಿಕೊಂಡು ಅಗೆದರು.

ಆಳದಲ್ಲಿ ಒಬ್ಬನ ಗುದ್ದಲಿಗೆ ಏನೋ ಸಿಕ್ಕಿತು. ನೋಡಿದರೆ ಚಂದ್ರಶೇಖರಯ್ಯನವರ ಬಲಗಾಲಿನ ಬೂಟು. ಏಳು ವರ್ಷವಾಗಿದ್ದರೂ ತೊಗಲು ಕೊಳೆತಿರಲಿಲ್ಲ, ಲೇಸು ಕಟ್ಟಿದ್ದು ಕಟ್ಟಿದ ಹಾಗೇ ಇತ್ತು. ಪೀಟಿನೊಳಗೆ ಗಾಳಿಯಾಡದೆ ಯಾವುದೂ ಕೆಡುವುದಿಲ್ಲವೆಂದು ಹೊತ್ತಗೆಯ ಹದಿನಾಲ್ಕನೇ ಪುಟದಲ್ಲಿದೆ ಎಂದು ಹೇಳಿದೆ. ನಂದೀಶ್ವರಯ್ಯನವರು ಅಲ್ಲಿಯವರೆಗೆ ಓದಿರಲಿಲ್ಲವಾದ್ದರಿಂದ ನಂಬಲಿಲ್ಲ. ಬೂಟನ್ನು ಒಂದು ಪತ್ರದೊಂದಿಗೆ ಚಂದ್ರಶೇಖರಯ್ಯನವರ ಹೊಸ ಕಚೇರಿಗೆ ಕಳಿಸಿದೆವು. ಎಡಗಾಲಿನದನ್ನು ಎಂದೋ ಎಸೆದಿದ್ದರಂತೆ.

ನಲವತ್ತೊಂದು ಕುಂಡ ತುಂಬಿತು. ಪ್ರದರ್ಶನದಲ್ಲಿ ನಂದೀಶ್ವರಯ್ಯನವರ ಗುಲಾಬಿಗೆ ಎರಡನೇ ಬಹುಮಾನ ಬಂತು. ಆಮೇಲೆ ಕುಂಡಗಳನ್ನು ನಾಲ್ಕೂ ಊರಿನ ಬೇಕಾದವರ ಮನೆಗಳಿಗೆ, ಕಚೇರಿಗಳಿಗೆ ಕಾಣಿಕೆಯಾಗಿ ಹಂಚಿದರು.

ಆ ವರ್ಷ ಹಿಂಗಾರು ಚೆನ್ನಾಗೇ ಸುರಿಯಿತು. ಸುರಿದದ್ದೆಲ್ಲ ಬಂಡೆಯ ಮೇಲೆ ಜಾರಿ, ಅಗೆದ ಗುಂಡಿಯಲ್ಲಿ ಒಂದು ವಾರ ನಿಂತು, ಹೋಯಿತು. ಸಂಕ್ರಾಂತಿಗೆ ಮೊದಲೇ ತೊಟ್ಟಿ ಒಣಗಿತು. ಹಟ್ಟಿಯ ಹೆಂಗಸರು ಬಿಂದಿಗೆ ಹೊತ್ತು ಮಿಡಿಗೇಶಿಗೆ ನಡೆಯತೊಡಗಿದರು. ಭೀಮಕ್ಕ ದಿನವೂ ಹೋಗಿ ಖಾಲಿ ಗುಂಡಿಯನ್ನು ಕಾಯುತ್ತಿದ್ದಳು. ಫೆಬ್ರವರಿಯ ವರದಿಯಲ್ಲಿ ಅವಳು ಹೇಳಿದ್ದನ್ನೇ ಟೈಪು ಮಾಡಿದೆ: ‘ಕಾವಲು ನಡೆದಿದೆ. ಕಾಯಬೇಕಾದ್ದು ಸ್ಥಳದಲ್ಲಿಲ್ಲ.’

ಏಪ್ರಿಲ್‌ನಲ್ಲಿ ಉತ್ತರ ಬಂತು: ‘ಪೀಟ್ ಭೂಮಿಯು ಸ್ಥಳಾಂತರಗೊಂಡಿದ್ದಲ್ಲಿ ಅದರ ಕಾವಲುಗಾರರೂ ಸ್ಥಳಾಂತರಗೊಳ್ಳತಕ್ಕದ್ದು.’

ಓದಿ ಹೇಳಿದೆ. ಭೀಮಕ್ಕ ಎರಡು ಸಲ ಓದಿಸಿದಳು. ಮಾರನೆಯ ದಿನದಿಂದ ಖಾಕಿ ಅಂಗಿ ತೊಟ್ಟು, ಬೂಟು ಮೆಟ್ಟಿ, ನಾಲ್ಕೂ ಊರುಗಳ ಕುಂಡಗಳನ್ನು ಕಾಯಲು ಹೊರಟಳು. ಸೋಮವಾರ ಮಧುಗಿರಿ, ಮಂಗಳವಾರ ಕೊರಟಗೆರೆ, ಬುಧವಾರ ಶಿರಾ, ಗುರುವಾರ ಪಾವಗಡ. ಮನೆಯವರು ಬಾಗಿಲು ತೆಗೆದರೆ ಜಗಲಿಯಲ್ಲಿ ಕುಂಡದ ಪಕ್ಕ ಭೀಮಕ್ಕ ಕೂತಿರುವಳು. ಯಾರಾದರೂ ಮಣ್ಣು ಕೆದಕಿದರೆ ಸೀಟಿ. ಕೊರಟಗೆರೆಯ ವಕೀಲರೊಬ್ಬರ ಹೆಂಡತಿ ಒಂದು ವಾರ ಹಿತ್ತಿಲ ಬಾಗಿಲಿನಿಂದಲೇ ಓಡಾಡಿದರು.

ಅಷ್ಟರಲ್ಲಿ ಕುಂಡಗಳಲ್ಲಿ ಇನ್ನೊಂದು ಸಂಕಟ ಶುರುವಾಗಿತ್ತು. ಆ ಮಣ್ಣು ಒದ್ದೆಯಿರುವ ತನಕ ನೀರು ಹಿಡಿಯುತ್ತದೆ, ಒಮ್ಮೆ ಪೂರ್ತಿ ಒಣಗಿದರೆ ನೀರನ್ನೇ ಒಲ್ಲದು. ನಮ್ಮ ಕಡೆಯ ಏಪ್ರಿಲ್ ಬಿಸಿಲಿಗೆ ಅದು ಒಣಗದೆ ಇನ್ನೇನು? ಕೊಡಗಟ್ಟಲೆ ಸುರಿದರೂ ನೀರು ಮೇಲೆ ಮಣಿಯಂತೆ ಉರುಳಾಡಿ, ಅಂಚಿನಿಂದಿಳಿದು ಜಗಲಿಗೆ ಹರಿಯುತ್ತಿತ್ತು. ಪಾವಗಡದಲ್ಲಿ ರಾಮಾಂಜಿನಮ್ಮ ಎಂಬ ನಿವೃತ್ತ ದಾದಿಯ ಮನೆಯಲ್ಲಿ ಒಂದು ಕುಂಡವಿತ್ತು. ಮದುವೆಯಾಗದ ಹೆಂಗಸು. ಅರ್ಧ ತಾಲ್ಲೂಕಿಗೆ ಹೆರಿಗೆ ಮಾಡಿಸಿದವರು, ಯಾರಿಗೂ ಹೆದರುವವರಲ್ಲ.

“ಅಯ್ಯೋ ತಲ್ಲೀ, ಇದೇಮಿ ಮಣ್ಣಮ್ಮ?” ಎಂದು ಅವರು ಭೀಮಕ್ಕನ ಮೇಲೆ ಹರಿಹಾಯ್ದರು. “ಬೆಳಿಗ್ಗಿಂದ ನಾಲ್ಕು ಕೊಡ ಹಾಕಿದೆ. ಒಂದು ಗುಟುಕು ಕುಡೀಲಿಲ್ಲ. ಮೊಲೆ ಹಿಡೀದ ಮಗು ಇದ್ದಂಗೈತೆ!”

“ಅವರಮ್ಮನ ಹತ್ರ ಬಿಟ್ರೆ ಕುಡೀತೈತೆ ಕಣವ್ವ” ಎಂದಳು ಭೀಮಕ್ಕ.

ದಾದಿಗೆ ಆ ಮಾತು ತಕ್ಷಣ ಅರ್ಥವಾಯಿತು. ಆ ಮಧ್ಯಾಹ್ನ ಇಬ್ಬರೂ ಕೂತು ಮಾತಾಡಿದರಂತೆ. ಶುಕ್ರವಾರ ಬೆಳಿಗ್ಗೆ ಭೀಮಕ್ಕ ನೇರ ನನ್ನ ಟೈಪ್‌ರೈಟರ್ ಮುಂದೆ ಬಂದು ನಿಂತಳು.

“ಜಯರಾಮಣ್ಣ, ಪೀಟು ಎಲ್ಲೋ ಅಲ್ಲಿ ಕಾವಲು ಅಂದವ್ರೆ. ಹೌದಾ?”

“ಹೌದು.”

“ಹಂಗಾದ್ರೆ ಕಾವಲು ಎಲ್ಲೋ ಅಲ್ಲಿ ಪೀಟು. ನಾನು ನಾಳೆ ಹಟ್ಟಿಗೆ ಹೊಂಟಿವ್ನಿ. ಅದೂ ನನ್ನ ಜೊತೆ ಬರ್ಬೇಕಲ್ವಾ?”

ಇಪ್ಪತ್ತು ವರ್ಷದ ನನ್ನ ಸರ್ಕಾರಿ ಬದುಕಿನಲ್ಲಿ ಅಷ್ಟು ಸರಿಯಾದ ಮಾತನ್ನು ನಾನು ಕೇಳಿರಲಿಲ್ಲ. ಸುತ್ತೋಲೆ ಟೈಪು ಮಾಡಿದೆ: ‘ಕಾವಲುಗಾರರು ಮಿಡಿಗೇಶಿಗೆ ಹಿಂದಿರುಗುತ್ತಿರುವುದರಿಂದ, ಮೇಲಿನ ಕಚೇರಿಯ ಆದೇಶದ ಮೇರೆಗೆ, ಪೀಟ್ ಭೂಮಿಯೂ ಹಿಂದಿರುಗತಕ್ಕದ್ದು. ಕುಂಡ ಹೊಂದಿರುವವರು ತಮ್ಮಲ್ಲಿರುವ ಭೂಮಿಯನ್ನು ಕೂಡಲೇ ಒಪ್ಪಿಸತಕ್ಕದ್ದು.’ ಅದನ್ನು ರಜೆ ಅರ್ಜಿಗಳ ನಡುವೆ ಇಟ್ಟು ನಂದೀಶ್ವರಯ್ಯನವರ ಮುಂದೆ ಹಿಡಿದೆ. ಅವರು ಕಿಟಕಿಯಾಚೆ ಬಾಡುತ್ತಿದ್ದ ಗುಲಾಬಿಯನ್ನು ನೋಡುತ್ತಲೇ ಸಹಿ ಹಾಕಿದರು. ತಲೆ ತಗ್ಗಿಸಿದ್ದಕ್ಕೆ ನಾನು ಮಾಡಿಕೊಂಡ ಪ್ರಾಯಶ್ಚಿತ್ತ ಇಷ್ಟೇ.

ಮೇ ಕೊನೆಯಿಂದ ಕುಂಡಗಳು ಬರತೊಡಗಿದವು. ನಾಲ್ಕೂ ದಿಕ್ಕಿನಿಂದ ಬಸ್ಸಿನ ಟಾಪಿನ ಮೇಲೆ, ಒಂದೊಂದರಲ್ಲೂ ಒಣಗಿದ ಗುಲಾಬಿ ತಲೆಯಾಡಿಸುತ್ತ. ಶಿರಾದ ಒಬ್ಬ ಚಹಾ ಅಂಗಡಿಯ ಸಾಹೇಬರು ಕುಂಡದ ಜೊತೆ ಒಂದು ಬನ್ನಿನ ಪೊಟ್ಟಣವನ್ನೂ ಕಾವಲುಗಾರ್ತಿಗೆಂದು ಕಳಿಸಿದ್ದರು. ರಾಮಾಂಜಿನಮ್ಮ ಮಾತ್ರ ಕುಂಡವನ್ನು ಯಾರ ಕೈಗೂ ಕೊಡದೆ ಮಡಿಲಲ್ಲಿಟ್ಟುಕೊಂಡು ತಾವೇ ಬಂದರು. ಕಂಡಕ್ಟರ್ ಲಗೇಜು ಎಂದಾಗ, “ಮಡಿಲಾಗಿರೋದು ಲಗೇಜು ಎಟ್ಲಾ ಆಗ್ತೈತಪ್ಪಾ? ನೀನು ಹುಟ್ಟಿದಾಗ ಲಗೇಜು ಟಿಕೆಟ್ ತಗಂಡಿದ್ರಾ ನಿಮ್ಮಮ್ಮ?” ಎಂದರಂತೆ.

ನಂದೀಶ್ವರಯ್ಯನವರ ಮನೆಯ ಎರಡು ಕುಂಡಗಳನ್ನು ಅವರ ಹೆಂಡತಿಯೇ ಸುತ್ತೋಲೆ ಓದಿ ಕೆಂಪಯ್ಯನ ಕೈಗೆ ಕೊಟ್ಟಿದ್ದರು. ನಂದೀಶ್ವರಯ್ಯನವರು ಕಚೇರಿಗೆ ಕೆಂಡವಾಗಿ ಬಂದರು.

“ಯಾರ್ರೀ ಇದಕ್ಕೆ ಸಹಿ ಹಾಕಿದ್ದು?”

“ತಾವೇ ಸಾರ್.”

ಸಹಿಯನ್ನು ಬೆಳಕಿಗೆ ಹಿಡಿದು ನೋಡಿದರು. ತಲೆಕೆಳಗು ಮಾಡಿ ನೋಡಿದರು. ರದ್ದು ಮಾಡೋಣವೆಂದರೆ, ಮೇಲಿನ ಕಚೇರಿಯ ಆದೇಶದ ಮೇರೆಗೆ ಹೊರಟ ಸುತ್ತೋಲೆಯನ್ನು ಮೇಲಿನ ಕಚೇರಿಯೇ ರದ್ದು ಮಾಡಬೇಕು. ಅದಕ್ಕೆ ಪತ್ರ ಬರೆದರೆ ಪೀಟನ್ನು ಅಗೆದವರು ಯಾರೆಂಬ ಪ್ರಶ್ನೆ ಬರುತ್ತದೆ. ಸುತ್ತೋಲೆಯನ್ನು ಮಡಚಿ ಮೇಜಿನ ಮೇಲಿಟ್ಟು, “ನನ್ನ ಗಿಡಾನ ಅಂಚಲ್ಲಿ ನೆಡೋಕೆ ಹೇಳ್ರೀ, ಒಳ್ಳೆ ಜಾತಿ ಅದು” ಎಂದರು. ಧ್ವನಿ ಬಹಳ ಸಣ್ಣಗಿತ್ತು.

ನಲವತ್ತೊಂದರಲ್ಲಿ ಮೂವತ್ತೆಂಟು ಬಂದವು. ಆದರೆ ಒಣಗಿದ ಮಣ್ಣನ್ನು ಗುಂಡಿಗೆ ಸುರಿದರೆ ಸಾಕೇ? ನೀರು ಸುರಿದರೆ ಅದರ ಮೇಲೆ ತೇಲುತ್ತಿತ್ತು. ಹಟ್ಟಿಯವರು ನಕ್ಕರು. ರಾಮಾಂಜಿನಮ್ಮ ಸೆರಗು ಸಿಕ್ಕಿಸಿ, ಬಿಸಿನೀರು ಕಾಯಿಸಲು ಹೇಳಿದರು. ಹೆರಿಗೆ ಮನೆಯಲ್ಲಿ ಇರುವಂತೆ ಮೂರು ಹಂಡೆ ಒಲೆಯೇರಿದವು. ಬೆಚ್ಚಗಿನ ನೀರನ್ನು ಚೂರು ಚೂರೇ ಚಿಮುಕಿಸಿ, ಭೀಮಕ್ಕ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ತುಳಿದಳು. ಮೊದಲ ದಿನ ಅವಳೊಬ್ಬಳೇ. ಎರಡನೇ ದಿನ ಮಾರಣ್ಣ ಖಾಕಿ ಪ್ಯಾಂಟನ್ನು ಮಂಡಿಯ ತನಕ ಮಡಚಿ ಇಳಿದ. ಮೂರನೇ ದಿನ ಹಟ್ಟಿಯೇ ಇಳಿಯಿತು. ತುಳಿದಷ್ಟೂ ಮಣ್ಣು ಮೆತ್ತಗಾಗಿ, ಕಪ್ಪಾಗಿ, ಕಾಲನ್ನು ಹಿಡಿದುಕೊಳ್ಳತೊಡಗಿತು.

“ಕುಡೀತೈತೆ! ಕುಡೀತೈತೆ ನೋಡ್ರೇ!” ಎಂದು ರಾಮಾಂಜಿನಮ್ಮ ಗುಂಡಿಯ ಅಂಚಿನಿಂದ ಕೂಗಿದರು.

ಮೇಲೆ ಜೊಂಡಿನ ಗೆಡ್ಡೆ ಹೂತರು. ಮೂವತ್ತೆಂಟು ಗುಲಾಬಿಯನ್ನು ಕಿತ್ತೆಸೆಯಲು ಭೀಮಕ್ಕನಿಗೆ ಮನಸ್ಸಾಗಲಿಲ್ಲ, ಸುತ್ತಲೂ ನೆಡಿಸಿದಳು. ಜೂನ್ ಮಳೆಗೆ ಬುಡ ನೆನೆದು ಒಂದೊಂದಾಗಿ ಕೊಳೆತು ಸತ್ತವು, ನಂದೀಶ್ವರಯ್ಯನವರ ಒಳ್ಳೆ ಜಾತಿಯದು ಎಲ್ಲಕ್ಕಿಂತ ಮೊದಲು. ಅವರೇ ಜೀಪಿನಲ್ಲಿ ಬಂದು ನೋಡಿ, ಬೇಲಿಯ ಒಂದು ಕಡೆ ಜಾರಿದ ಮುಳ್ಳನ್ನು ಕಾಲಿಂದ ಸರಿಮಾಡಿ ಹೋದರು.

ಮುಂದಿನ ಬೇಸಿಗೆಯಲ್ಲಿ ನೀರು ಸಂಕ್ರಾಂತಿ ದಾಟಿತು, ಶಿವರಾತ್ರಿ ಮುಟ್ಟಲಿಲ್ಲ. “ಇಷ್ಟಕ್ಕೆ ಅಷ್ಟು ತುಳಿದ್ವಾ?” ಎಂದು ಹಟ್ಟಿಯ ಹೆಂಗಸರು ಗೊಣಗಿದರು. ಭೀಮಕ್ಕ ಅವರ ಸರದಿಯ ಬಿಂದಿಗೆಗಳನ್ನೂ ತಾನೇ ಹೊತ್ತಳು. ಅದರ ಮುಂದಿನ ವರ್ಷ ಶಿವರಾತ್ರಿ ದಾಟಿತು. ಎಂಬತ್ತೆಂಟರಲ್ಲಿ ಯುಗಾದಿಯ ದಿನವೂ ತೊಟ್ಟಿಗೆ ನೀರು ಬೀಳುತ್ತಿತ್ತು. ಮೊದಲಿನಷ್ಟು ದಪ್ಪಗಲ್ಲ, ನೂಲಿನಷ್ಟು.

ಅದೇ ಮಾರ್ಚ್ ಕೊನೆಗೆ ನಮ್ಮ ಉಪಕಚೇರಿಯನ್ನು ಮುಚ್ಚಿದರು. ನನಗೆ ಪಾವಗಡಕ್ಕೆ ವರ್ಗವಾಯಿತು. ಭೀಮಕ್ಕನ ಹೆಸರು ಯಾವ ಪಟ್ಟಿಯಲ್ಲೂ ಇರಲಿಲ್ಲ, ವರ್ಗದ್ದರಲ್ಲೂ ಇಲ್ಲ, ಬಿಡುಗಡೆಯದ್ದರಲ್ಲೂ ಇಲ್ಲ. ಬಾಯಲ್ಲಿ ಹೇಳಿಬರೋಣವೆಂದು ಏಪ್ರಿಲ್‌ನ ಒಂದು ಬೆಳಿಗ್ಗೆ ಮಿಡಿಗೇಶಿಯಲ್ಲಿ ಬಸ್ಸಿಳಿದು ಹಟ್ಟಿಗೆ ನಡೆದೆ.

“ಭೀಮಕ್ಕ, ಕಚೇರಿ ಮುಚ್ಚಿಬಿಟ್ಟರು. ನಿಮ್ಮ ಕೆಲಸವೂ ಮುಗೀತು ಅಂತ ಕಾಣುತ್ತೆ” ಎಂದೆ.

“ಕಾಣ್ತೈತಾ, ಬರೆದು ಕೊಟ್ಟವ್ರಾ?”

“ಬರೆದು ಕೊಟ್ಟಿಲ್ಲ.”

“ರಿಟೈರು ಅಂತ ಒಂದು ಇರ್ತೈತಂತಲ್ಲ, ರಾಮಾಂಜಿನಮ್ಮ ಹೇಳ್ತಿದ್ರು. ಅದಾದ್ರೂ ಯಾವಾಗ ನಂದು?”

“ನೀವು ಹುಟ್ಟಿದ್ದು ಯಾವಾಗ ಹೇಳಿ, ಲೆಕ್ಕ ಹಾಕ್ತೀನಿ.”

“ಅದು ಗೊತ್ತಿದ್ದಿದ್ರೆ ನಿಮ್ಮನ್ಯಾಕೆ ಕೇಳ್ಲಿ?” ಎಂದು ನಕ್ಕಳು. “ಹೋಗ್ಲಿ ಬುಡಿ. ಬರೆದು ಕೊಟ್ಟಾಗ ನೋಡಾನ.”

ಮುದ್ದೆ, ಹುರುಳಿ ಸಾರು ಬಡಿಸಿದಳು. ನಾನು ಎರಡನೇ ತುತ್ತು ಮುರಿಯುವಷ್ಟರಲ್ಲಿ ಗೂಟದಿಂದ ಖಾಕಿ ಅಂಗಿ ತೆಗೆದು ತೋಳು ಹಾಕಿಕೊಳ್ಳುತ್ತಿದ್ದಳು. ಮೊಣಕೈ ಹತ್ತಿರ ಕಂಬಳಿಯ ತೇಪೆ ಹಾಕಿತ್ತು.

“ನೀವು ನಿಧಾನಕ್ಕೆ ಉಣ್ಣಿ ಜಯರಾಮಣ್ಣ. ಸಾರು ಇನ್ನೂ ಐತೆ, ಹಾಕ್ಕಳಿ. ಆ ಪಕ್ಕದ ಹಟ್ಟಿಯೋರ ಮಂದೆ ಇಷ್ಟೊತ್ತಿಗೆ ಬಂದ್ಬುಟ್ಟಿರ್ತೈತೆ” ಎಂದವಳು ಸೀಟಿಯನ್ನು ಕೊರಳಿಗೆ ಹಾಕಿಕೊಂಡು ಬಿರಬಿರನೆ ಬೆಟ್ಟದ ಕಡೆ ಹೊರಟಳು.